ಕಸ್ತೂರಿಗೆ ಸಿಕ್ಕ ಖೋ

ಡ್ರಿಲ್ ಮಾಸ್ತರರು ಸೀಟಿ ಊದಿದರೆ ಸಾಕು, ನಮ್ಮೂರ ಹೈಸ್ಕೂಲಿನ ಹುಡುಗಿಯರೆಲ್ಲ ಲಂಗ ಎತ್ತಿ ಕಟ್ಟಿ ಮೈದಾನಕ್ಕೆ ಓಡುತ್ತಿದ್ದ ಕಾಲವದು. ಶನಿವಾರದ ಬೆಳಗಿನ ಶಾಲೆ, ಸುಣ್ಣದ ಗೆರೆ, ಎರಡು ಕಂಬ, ನಡುವೆ ಖೋ ಖೋ. ಎಂಥ ಸುಖದ ದಿನಗಳು! ಆದರೆ ಆ ಸುಖ ಒಬ್ಬಳ ಪಾಲಿಗೆ ಮಾತ್ರ ಇರಲಿಲ್ಲ.

ಅವಳು ಎಂಟನೇ ತರಗತಿಯ ಕಸ್ತೂರಿ. ಅವಳ ಕುತ್ತಿಗೆ, ಕೈಗಳ ಮೇಲೆ ಬಿಳಿ ಮಚ್ಚೆಗಳಿದ್ದವು. ಅದು ಅಂಟುವಂಥದ್ದಲ್ಲ ಎಂದು ಮಾಸ್ತರರು ಎಷ್ಟೋ ಸಲ ಹೇಳಿದ್ದರು. ಆದರೂ ಮಾನಿಟರ್ ಸುಮಂಗಲಾ, "ಆಕೀನ್ನ ಮುಟ್ಟಿದ್ರ ನಮಗೂ ಬರ್ತೈತಿ" ಎಂದು ಸಾರಿಬಿಟ್ಟಿದ್ದಳು. ಮಾಸ್ತರರ ಮಾತಿಗಿಂತ ಗೆಳತಿಯ ಮಾತೇ ದೊಡ್ಡದೆನಿಸುವ ವಯಸ್ಸು ನೋಡಿ!

ಖೋ ಖೋದಲ್ಲಿ ಸಾಲಾಗಿ ಕೂತವರು ತಾವಾಗಿ ಏಳುವಂತಿಲ್ಲ. ಎದುರಾಳಿಯನ್ನು ಬೆನ್ನಟ್ಟಿ ಓಡುವವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ "ಖೋ" ಎನ್ನಬೇಕು. ಆಗ ಕೂತವಳು ಎದ್ದು ಓಡಬೇಕು, ಖೋ ಕೊಟ್ಟವಳು ಅವಳ ಜಾಗದಲ್ಲಿ ಕೂರಬೇಕು. ಕಸ್ತೂರಿಯನ್ನು ಮುಟ್ಟುವವರು ಯಾರು? ತಂಡ ತುಂಬಲೆಂದು ಕೂರಿಸುತ್ತಿದ್ದರು, ಅಷ್ಟೇ. ಹಿಂದೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಅವಳು ಏಳಲು ಸಿದ್ಧಳಾಗುತ್ತಿದ್ದಳು. ಸಪ್ಪಳ ದಾಟಿ ಹೋಗುತ್ತಿತ್ತು. ಮನೆಯಲ್ಲಿ ಅವ್ವ "ಆಡಿದೇನವ್ವಾ?" ಎಂದು ಕೇಳಿದರೆ, "ಹೂಂ, ಭಾಳ ಆಡಿದೆ" ಎನ್ನುತ್ತಿದ್ದಳು.

ಒಂದು ಶನಿವಾರ ಒಂಬತ್ತನೇ ತರಗತಿಯ ಜೊತೆ ಪಂದ್ಯ. ಎಂಟನೇ ತರಗತಿಯಲ್ಲಿ ಎಲ್ಲರಿಗಿಂತ ಚುರುಕಾಗಿ ಓಡುವವಳು ನೀಲವ್ವ. ಎದುರಾಳಿಯನ್ನು ಬೆನ್ನಟ್ಟುತ್ತ ಬಂದವಳು ಕಸ್ತೂರಿಯ ಹಿಂದೆ ನಿಂತಳು. ಕಸ್ತೂರಿ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಅದನ್ನು ಕಂಡ ನೀಲವ್ವ ಈ ಸಲ ದಾಟಿ ಹೋಗಲಿಲ್ಲ. ಅಂಗೈಯನ್ನು ಪೂರ್ತಿ ಅವಳ ಬೆನ್ನಿಗೆ ಊರಿ, "ಖೋ!" ಎಂದಳು.

ಕಸ್ತೂರಿ ಎದ್ದಳು. ಕೂತೂ ಕೂತೂ ಕಾಲು ಜೋಮು ಹಿಡಿದಿತ್ತು. ಎದ್ದವಳೇ ಮುಗ್ಗರಿಸಿ ಬಿದ್ದಳು.

"ಆಟ ಕೆಡಿಸಿದೆಲ್ಲ ನೀಲಿ! ನಾಳೆ ನಿನಗೂ ಬರ್ತೈತಿ ನೋಡು!" ಸಾಲಿನಲ್ಲಿ ಕೂತಿದ್ದ ಸುಮಂಗಲಾ ಕೂಗಿದಳು.

ಕಸ್ತೂರಿಯ ಜಾಗದಲ್ಲಿ ಕೂತ ನೀಲವ್ವ ಸುಮಂಗಲಾಳತ್ತ ತಿರುಗಲೂ ಇಲ್ಲ. "ಬಂದ್ರ ಬರ್ಲಿ. ಆಗ ನನಗ ಖೋ ಕೊಡಾಕ ಕಸ್ತೂರಿ ಅದಾಳ" ಎಂದಳು.

ಆ ಮಾತು ಕೇಳಿ ಬಿದ್ದವಳು ಎದ್ದಳು. ಮೈಮೇಲಿನ ಧೂಳನ್ನೂ ಕೊಡವದೆ ಓಡಿದಳು. ಎದುರಾಳಿ ಸಾಲಿನ ಆಚೆ ಬದಿಗೆ ನುಸುಳಿದಳು. ಬೆನ್ನಟ್ಟುವವಳು ಸಾಲು ದಾಟುವಂತಿಲ್ಲ, ಈಗ ಖೋ ಕೊಡಲೇಬೇಕು. ಮುಂದೆ ಇದ್ದದ್ದು ಸುಮಂಗಲಾಳ ಬೆನ್ನು. ಕಸ್ತೂರಿ ಎತ್ತಿದ ಕೈಯನ್ನು ಅಲ್ಲೇ ತಡೆದಳು.

"ಯಾಕ ನಿಂತಿ? ಖೋ ಕೊಡಬೇ! ಅಕಿ ಓಡಿ ಹೊಂಟ್ಲಲ್ಲ!" ಆಟದ ಕಾವಿನಲ್ಲಿ ಸುಮಂಗಲಾಳೇ ಕಿರುಚಿದಳು.

ಕಸ್ತೂರಿ ಮೆತ್ತಗೆ ಅವಳ ಬೆನ್ನು ಮುಟ್ಟಿ, "ಖೋ" ಎಂದಳು. ಸುಮಂಗಲಾ ಚಂಗನೆ ಎದ್ದು ಓಡಿದಳು. ಮುಟ್ಟಿದರೆ ಅಂಟುತ್ತದೆ ಎಂಬ ಮಾತನ್ನು ಅವಳು ಮತ್ತೆ ಆಡಲಿಲ್ಲ.

ಅಂದು ಗೆದ್ದವರು ಯಾರೋ, ಈಗ ಯಾರಿಗೂ ನೆನಪಿಲ್ಲ. ಮಧ್ಯಾಹ್ನ ಮನೆಗೆ ಬಂದ ಮಗಳ ತರಚಿದ ಮೊಣಕಾಲು ಕಂಡು ಅವ್ವ ಗಾಬರಿಯಾದಳು. ಕಸ್ತೂರಿಗೋ ನಗು ತಡೆಯಲಾಗಲಿಲ್ಲ.

"ಆಟದಾಗ ಬಿದ್ದೆನವ್ವಾ!" ಎಂದಳು.

ನೀತಿ: ಎಲ್ಲರೂ ದೂರವಿಟ್ಟವರನ್ನು ಕೈಮುಟ್ಟಿ ಎಬ್ಬಿಸಬೇಕು, ಮಕ್ಕಳೇ. ಅದಕ್ಕಾಗಿ ಸ್ವಲ್ಪ ಹೊತ್ತು ಅವರ ಜಾಗದಲ್ಲಿ ನಾವು ಕೂರಬೇಕಾಗಿ ಬಂದರೂ ಹಿಂಜರಿಯಬಾರದು.