ಹಿಂದಿನ ಮೂಲೆಯ ದನಿ

"ಗುರುಗಳೇ, ಹಿರಿಯ ಸ್ವಾಮಿಗಳು ತೀರಿಹೋಗಿ ವರ್ಷವಾಯಿತು. ಕಷ್ಟದ ಕೆಲಸಕ್ಕೆ ಕೈ ಹಾಕಿದಾಗಲೆಲ್ಲ 'ಬಿಡು' ಎಂದು ಅವರ ದನಿ ಕೇಳಿಸುತ್ತದೆ. ನಾನೂ ಬಿಟ್ಟುಬಿಡುತ್ತೇನೆ. ಅದು ಸರಿಯೇ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು. ಇದು ಚೆಂಡಾಟದ ಕತೆ, ಮಠದಲ್ಲಿ ಕೂತವನಿಗೆ ಇದೆಲ್ಲ ಹೇಗೆ ಗೊತ್ತು ಎಂದು ನಗಬೇಡ ಎಂದೂ ಹೇಳಿದರು.

ಒಂದು ಕಾಲೇಜಿನ ಹುಡುಗಿಯರ ವಾಲಿಬಾಲ್ ತಂಡ. ಅದರ ಹಿಂದಿನ ಎಡಮೂಲೆ ಕಾಯುತ್ತಿದ್ದವಳು ಭಾಗೀರಥಿ. ರಾಷ್ಟ್ರೀಯ ಪಂದ್ಯಾವಳಿಗೆ ಎರಡು ತಿಂಗಳಿರುವಾಗ ಅವಳು ಜ್ವರದಿಂದ ತೀರಿಕೊಂಡಳು. ಅಷ್ಟು ದಿನ ಹೊರಗೆ ಕೂತಿದ್ದ ಕಿರಿಯ ಹುಡುಗಿಯೊಬ್ಬಳು ಆ ಮೂಲೆಗೆ ಬಂದಳು. ಸತ್ತವಳ ಜಾಗದಲ್ಲಿ ನಿಂತು ಸೋತರೆ ಅವಳ ತಾಯಿಗೆ ಹೇಗೆ ಮುಖ ತೋರಿಸಲಿ ಎಂಬುದೊಂದೇ ಇವಳ ಚಿಂತೆ.

ಆ ಆಟದಲ್ಲೊಂದು ವಾಡಿಕೆಯಿದೆ. ಚೆಂಡು ಗೆರೆಯಾಚೆ ಬೀಳುವಂತೆ ಕಂಡರೆ ಹಿಂದಿದ್ದವಳು 'ಬಿಡು' ಎಂದು ಕೂಗಬೇಕು, ಮುಂದಿದ್ದವಳು ಮರುಮಾತಿಲ್ಲದೆ ಕೈ ಎಳೆದುಕೊಳ್ಳಬೇಕು. ಚೆಂಡು ಹೊರಗೆ ಬಿದ್ದರೆ ಅಂಕ ಇವರದು. ಆದರೆ ಕಟ್ಟಕಡೆಯ ಮೂಲೆಯಲ್ಲಿ ನಿಂತವಳ ಹಿಂದೆ ಯಾರೂ ಇರುವುದಿಲ್ಲ.

ಮೊದಲ ಪಂದ್ಯದಲ್ಲೇ ಅವಳ ಬೆನ್ನ ಹಿಂದೆ ಬೂಟು ಕಿರುಗುಟ್ಟಿತು. 'ಬಿಡು' ಎಂದಿತು ಭಾಗೀರಥಿಯ ದನಿ. ಹುಡುಗಿ ಕೈ ಎಳೆದುಕೊಂಡಳು, ಚೆಂಡು ಆಚೆ ಬಿತ್ತು. ತಿರುಗಿ ನೋಡಿದರೆ ಬರೀ ನೆಲ. ಉಳಿದ ಐವರಿಗೂ ಕೇಳಿಸಿತ್ತು. ಮಾತೆತ್ತಿದರೆ ಆ ದನಿ ಎಲ್ಲಿ ನಿಂತುಹೋದೀತೋ ಎಂದು ಎಲ್ಲರೂ ಸುಮ್ಮನಿದ್ದರು. ಗೆಲ್ಲಿಸುವ ದೆವ್ವವನ್ನು ಓಡಿಸುವವರು ಯಾರು? ಪ್ರತಿ ಪಂದ್ಯದಲ್ಲೂ ದನಿ ಬಂತು, ಪ್ರತಿ ಸಲವೂ ಅದು ಹೇಳಿದ್ದೇ ನಿಜವಾಯಿತು. ತಂಡ ಫೈನಲ್ ಮುಟ್ಟಿತು.

ಫೈನಲ್‌ನ ಕೊನೆಯ ಸೆಟ್. ಎದುರಾಳಿಗೆ ಹದಿನಾಲ್ಕು, ಇವರಿಗೆ ಹದಿಮೂರು. ಚೆಂಡು ಮೂಲೆಗೆ ಬಂತು. ಎತ್ತಬಹುದಾದ ಚೆಂಡು. ಈ ಸಲ ಕಿವಿಯ ಪಕ್ಕದಲ್ಲೇ, ಮೆಲ್ಲಗೆ, 'ಬಿಡು' ಎಂದಿತು ದನಿ. ಹುಡುಗಿ ಬಿಟ್ಟಳು. ಚೆಂಡು ಗೆರೆಯಿಂದ ಒಂದು ಗೇಣು ಒಳಗೆ ಬಿತ್ತು. ಪಂದ್ಯ ಕೈತಪ್ಪಿತು.

ಹುಡುಗಿ ಅಳುತ್ತ ಕೋಚ್ ಹತ್ತಿರ ಹೋಗಿ ಎಲ್ಲ ಹೇಳಿದಳು. ಭಾಗೀರಥಿ ಅಕ್ಕ ನನಗೆ ಮೋಸ ಮಾಡಿದಳು ಎಂದಳು. ಕೋಚ್ ಹೆಂಗಸು ಅವಳ ಎರಡೂ ಭುಜ ಹಿಡಿದಳು.

"ಅದು ಅಕಿ ಅಲ್ಲವ್ವಾ," ಎಂದಳು. "ಹೊರಗ ಹೋಗೂ ಚೆಂಡಿಗೂ ಬಿದ್ದು ಮೊಣಕಾಲು ಒಡಕೊಳ್ಳಾಕಿ ಅಕಿ. ಬಿಡು ಅನ್ನೂದು ಕಲಿ ಅಂತ ಎರಡು ವರ್ಷ ಬೈದೆ. ಒಂದ ಸಲಾನೂ ಅನ್ನಲಿಲ್ಲ."

ಶಿಷ್ಯ ಗುರುಗಳ ಹತ್ತಿರಕ್ಕೆ ಸರಿದ. ಹಾಗಾದರೆ ಆ ದನಿ ಯಾರದು ಎಂದು ಕೇಳಿದ.

ಗುರು ಶಿಷ್ಯನ ಬೆನ್ನ ಹಿಂದೆ ಒಮ್ಮೆ ನೋಡಿ ಹೇಳಿದರು: "ನಮ್ಮ ಹಿರಿಯ ಸ್ವಾಮಿಗಳು ಬದುಕಿದ್ದಾಗ ಯಾರಿಗಾದರೂ 'ಬಿಡು' ಎಂದದ್ದನ್ನು ನೀನು ಕೇಳಿದ್ದೀಯಾ?"