ತಂತಿ ಬೇಯಿಸಿದ ಶಿಷ್ಯ

ಮದುವೆಯ ಊಟಕ್ಕೆ ಮೊದಲು ಜನ ಕುಣಿಯುತ್ತಿದ್ದ ಕಾಲವದು. ಕುಣಿತಕ್ಕೆ ಮನುಷ್ಯರೇ ನುಡಿಸಬೇಕಿತ್ತು. ನುಡಿಸುವವರು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ವೇಳೆಗೆ ಮೊದಲೇ ಬಂದು, ತಮ್ಮ ಕುರ್ಚಿಗಳನ್ನು ತಾವೇ ಸಾಲಾಗಿ ಇಟ್ಟುಕೊಳ್ಳುತ್ತಿದ್ದರು. ಈಗ ಆ ಶಿಸ್ತಿಲ್ಲ. ಆ ಕುಣಿತವೂ ಇಲ್ಲ.

ಮಂಗಳೂರಿನ ಹೊರಗೆ, ಫಲ್ಗುಣಿ ನದಿಯ ದಂಡೆಯಲ್ಲಿ, ಲಿಗೋರಿ ಮಾಸ್ತರರ ಮನೆಯಿತ್ತು. ಯೌವನದಲ್ಲಿ ಅವರು ಬೊಂಬಾಯಿಯ ಹೋಟೆಲುಗಳಲ್ಲಿ ಬೇಸ್ ಗಿಟಾರ್ ನುಡಿಸಿದವರು. ನಾಲ್ಕು ದಪ್ಪ ತಂತಿಗಳ, ತಗ್ಗು ಸ್ವರದ ವಾದ್ಯ ಅದು. ಊರಿಗೆ ಮರಳಿದ ಮೇಲೆ ಮದುವೆಗಳಿಗೆ ನುಡಿಸಿದರು. ವಯಸ್ಸಾದ ಮೇಲೆ ಕಲಿಸಿದರು.

ಅವರ ಮನೆಯಲ್ಲಿ ನಿಯಮಗಳು ಕೆಲವೇ. ಕೈ ತೊಳೆಯದೆ ಗಿಟಾರ್ ಮುಟ್ಟಬಾರದು. ನುಡಿಸಿದ ಕೂಡಲೇ ತಂತಿಗಳನ್ನು ಒಣಬಟ್ಟೆಯಿಂದ ಒರೆಸಬೇಕು. ಸಮುದ್ರದ ಗಾಳಿ ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಗಿಟಾರನ್ನು ಗೋಡೆಗೆ ಒರಗಿಸಬಾರದು, ಕುತ್ತಿಗೆ ಬಾಗುತ್ತದೆ. ಪೆಟ್ಟಿಗೆಯೊಳಗೆ ಹುರಿದ ಅಕ್ಕಿಯ ಗಂಟು ಇಡಬೇಕು. ತೇವವನ್ನು ಅದು ಹೀರುತ್ತದೆ. ಅಕ್ಕಿ ಮೆತ್ತಗಾದರೆ ಮತ್ತೆ ಹುರಿಯಬೇಕು.

ಶಿಷ್ಯರು ಬಂದರು, ಹೋದರು. ದಯಾಕರ ಉಳಿದ.

ದಯಾಕರ ವಾರವೆಲ್ಲ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಭಾನುವಾರ ಟ್ರಂಪೆಟ್ ಊದುವ ಹಿಲರಿಯ ಬ್ಯಾಂಡಿನಲ್ಲಿ ನುಡಿಸುತ್ತಿದ್ದ. ಸ್ವಂತ ಗಿಟಾರ್ ಇರಲಿಲ್ಲ. ಮಾಸ್ತರರು ತಮ್ಮದನ್ನೇ ಕೊಟ್ಟಿದ್ದರು. ಅದನ್ನು ಹೊತ್ತು ಹೋಗುತ್ತಿದ್ದ, ಹೊತ್ತು ತಂದು ಒಪ್ಪಿಸುತ್ತಿದ್ದ.

ಕಾರ್ಖಾನೆಗೆ ರಜೆಯಿದ್ದ ಒಂದು ಬೆಳಗ್ಗೆ ಮಾಸ್ತರರು ಇಗರ್ಜಿಯಿಂದ ಮರಳಿದಾಗ ಬಚ್ಚಲಿನ ಒಲೆಯ ಮೇಲೆ ಪಾತ್ರೆಯೊಂದು ಕುದಿಯುತ್ತಿತ್ತು. ದಯಾಕರ ಕುಕ್ಕರಗಾಲಿನಲ್ಲಿ ಕೂತು ಸೌಟಿನಿಂದ ತಿರುವುತ್ತಿದ್ದ.

"ಯಾರಿಗೆ ಗಂಜಿ?" ಎಂದರು ಮಾಸ್ತರರು.

"ಗಂಜಿ ಅಲ್ಲ ಮಾಸ್ಟ್ರೇ. ತಂತಿ."

"ಎಂತ?"

"ಗಿಟಾರಿನ ತಂತಿ. ಬ್ಯಾಂಡಿನವರೆಲ್ಲ ಹೀಗೇ ಮಾಡ್ತಾರೆ. ಬೇಯಿಸಿದರೆ ಕೊಳೆ ಬಿಡ್ತದೆ. ಹೊಸದರ ಹಾಗೆ ಗಣಗಣ ಅಂತದೆ."

"ಗಣಗಣ ಯಾಕೆ ಬೇಕಾಯ್ತು ನಿಂಗೆ? ಐಸ್‌ಕ್ಯಾಂಡಿ ಮಾರ್ಲಿಕ್ಕೆ ಹೊರಟಿದ್ದೀಯಾ?"

ದಯಾಕರ ಇನ್ನೊಮ್ಮೆ ಸೌಟು ತಿರುವಿದ.

"ಹಿಲರಿಯಣ್ಣ ಒಂದು ಮಾತು ಹೇಳಿದ್ರು ಮಾಸ್ಟ್ರೇ."

"ಅವನು ಒಂದು ಮಾತಿಗೆ ನಿಲ್ಲಿಸುವವನಲ್ಲ. ಇರಲಿ, ಹೇಳು."

"ನನ್ನ ಬೇಸ್ ಕೇಳುದೇ ಇಲ್ಲವಂತೆ. ಬರುವ ಭಾನುವಾರದ ಮದುವೆಯಲ್ಲೂ ಕೇಳದಿದ್ದರೆ ನನ್ನ ಜಾಗಕ್ಕೆ ಬೇರೆಯವನನ್ನು ಹಾಕ್ತಾರಂತೆ. ಕದ್ರಿಯಲ್ಲಿ ಒಬ್ಬ ಇದ್ದಾನಂತೆ."

"ಟ್ರಂಪೆಟ್ ಊದುವವನಿಗೆ ಟ್ರಂಪೆಟ್ ಬಿಟ್ಟು ಬೇರೆ ಎಂತ ಕೇಳ್ತದೆ ಮಾರಾಯ?"

ದಯಾಕರ ನಗಲಿಲ್ಲ. ಆ ಬ್ಯಾಂಡು ತಪ್ಪಿದರೆ ಅವನಿಗೆ ಬೇರೆ ಬ್ಯಾಂಡಿರಲಿಲ್ಲ. ಉಳಿಯುವುದು ಹಂಚಿನ ಕಾರ್ಖಾನೆ ಮಾತ್ರ.

ಮಾಸ್ತರರು ಪಾತ್ರೆಯೊಳಗೆ ಬಗ್ಗಿ ನೋಡಿದರು. ನೀರು ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತು.

"ಇದೆಂತ?"

"ಕೊಳೆ."

"ಕೊಳೆ ಅಂತ ಯಾರು ಹೇಳಿದ್ದು ನಿಂಗೆ? ಅದು ನನ್ನ ಬೆರಳು. ಬಿಜೈಯ ಮದುವೆಗಳುಂಟು ಅದರಲ್ಲಿ, ಕುಲಶೇಖರದ ಮದುವೆಗಳುಂಟು. ನನ್ನ ತಂಗಿಯ ಮದುವೆಯೂ ಉಂಟು."

ದಯಾಕರನ ಕೈಯಲ್ಲಿದ್ದ ಸೌಟು ನಿಂತಿತು. ಪಾತ್ರೆಯನ್ನು ಒಲೆಯಿಂದ ಇಳಿಸಿ ಕೇಳಿದ:

"ಚೆಲ್ಲುದಾ ಮಾಸ್ಟ್ರೇ?"

"ಮತ್ತೆಂತ, ಕುಡೀತೀಯಾ?"

ಅವನು ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬಂದ. ತಂತಿಗಳನ್ನು ಒರೆಸಿ, ಒಣಗಿಸಿ, ಗಿಟಾರಿಗೆ ಏರಿಸಿದ. ಶ್ರುತಿಗೆ ತರಲು ಬಿಗಿಯುವಾಗ, ಎಲ್ಲಕ್ಕಿಂತ ತೆಳ್ಳಗಿನ ತಂತಿ ತಿರುಪಿಗೆ ಸುತ್ತಿದ ಜಾಗದಲ್ಲೇ ತುಂಡಾಯಿತು.

ಬಿಡಿ ತಂತಿ ಊರಿನ ಅಂಗಡಿಯಲ್ಲಿ ಸಿಗದು, ಬೊಂಬಾಯಿಯಿಂದಲೇ ಬರಬೇಕು. ಭಾನುವಾರದೊಳಗೆ ಬರುವುದಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

"ಮಾಸ್ಟ್ರೇ, ನಿಮ್ಮ ಗಿಟಾರ್..."

"ತಂತಿ ಬಂದ ದಿನ ಹಾಕಿದರಾಯ್ತು. ಈಗ ನಿನ್ನದು ನೋಡು. ಕೈಯಲ್ಲಿ ಸ್ವಲ್ಪ ದುಡ್ಡು ಕೂಡಿಟ್ಟಿದ್ದೀ ಅಲ್ಲವಾ?"

"ಹೌದು."

"ಹಾಗಾದರೆ ಅಂಗಿ ಬದಲಾಯಿಸಿ ಬಾ. ಹೊಗೆ ವಾಸನೆ ಹೊತ್ತುಕೊಂಡು ಅಂಗಡಿಗೆ ಹೋಗಬಾರದು."

ಹಂಪನಕಟ್ಟೆಯಲ್ಲಿ ರಮಾನಾಥ ಕಾಮತರ ವಾದ್ಯದಂಗಡಿ ಇತ್ತು. ಗೋಡೆಯ ಮೇಲೆ ಎರಡು ಬೇಸ್ ಗಿಟಾರುಗಳು ತೂಗುತ್ತಿದ್ದವು. ಒಂದು ಕೆಂಪು, ಕನ್ನಡಿಯಂತೆ ಹೊಳೆಯುವಂಥದು. ಇನ್ನೊಂದು ಕಂದು, ಹೊಳಪಿಲ್ಲದ್ದು.

ಮಾಸ್ತರರು ಎರಡನ್ನೂ ಇಳಿಸಿದರು. ಕುತ್ತಿಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬಡಗಿ ಹಲಗೆಯನ್ನು ನೋಡುವ ಹಾಗೆ ಉದ್ದಕ್ಕೂ ನೋಡಿದರು. ತಂತಿ ಬಿಗಿಯುವ ಕಿವಿಗಳನ್ನು ಒಂದೊಂದಾಗಿ ತಿರುಗಿಸಿದರು. ಸ್ಪೀಕರಿಗೆ ಜೋಡಿಸಿ, ದನಿ ಏರಿಳಿಸುವ ಗುಬ್ಬಿಗಳನ್ನು ಹೊರಳಿಸಿ, ಕರಕರ ಸದ್ದು ಬರುತ್ತದೆಯೇ ಎಂದು ಆಲಿಸಿದರು. ಕೊನೆಗೆ ಪಟ್ಟಿಯನ್ನು ದಯಾಕರನ ಹೆಗಲಿಗೆ ಹಾಕಿದರು.

"ನಿಂತುಕೋ."

"ನಿಂತಿದ್ದೇನಲ್ಲ ಮಾಸ್ಟ್ರೇ."

"ಇನ್ನೂ ನಿಂತುಕೋ. ಮದುವೆಯಲ್ಲಿ ಮಧ್ಯಾಹ್ನವಿಡೀ ನಿಲ್ಲಬೇಕು."

ಹೆಗಲು ಎರಡನ್ನೂ ಒಪ್ಪಿತು. ದಯಾಕರ ಒಳಕೋಣೆಯಲ್ಲಿ ಬಾಗಿಲು ಮುಚ್ಚಿ ನುಡಿಸಿದ. ಕೆಂಪು ಗಿಟಾರಿನ ಸ್ವರ ಕೋಣೆ ತುಂಬಿತು. ಕಿಟಕಿಯ ಗಾಜು ಅದುರಿತು. ಕಂದು ಗಿಟಾರಿನ ಸ್ವರ ಹುಲ್ಲು ಸುತ್ತಿದ ಅಕ್ಕಿಮುಡಿಯನ್ನು ನೆಲಕ್ಕಿಟ್ಟ ಹಾಗೆ ಮಂದವಾಗಿ ಕೇಳಿತು.

"ಕೆಂಪಿನದೇ ಮಾಸ್ಟ್ರೇ," ಎಂದ ದಯಾಕರ. "ಇದು ಕೇಳದೆ ಇರ್ಲಿಕ್ಕೆ ಸಾಧ್ಯವೇ ಇಲ್ಲ."

"ಬಾಗಿಲು ತೆಗೆ," ಎಂದರು ಮಾಸ್ತರರು. "ನಾನು ರಸ್ತೆ ದಾಟಿ ನಿಲ್ತೇನೆ. ಎರಡನ್ನೂ ನುಡಿಸು. ಸ್ಪೀಕರ್ ಹೆಚ್ಚು ಮಾಡಬೇಡ."

ರಸ್ತೆಯಾಚೆ ಬಸ್ಸುಗಳು ನಿಲ್ಲುತ್ತಿದ್ದವು. ಹಾರ್ನು, ಕಂಡಕ್ಟರುಗಳ ಕೂಗು, ಹೂ ಮಾರುವವರ ಕರೆ. ಮಾಸ್ತರರು ಅವುಗಳ ನಡುವೆ, ಅಂಗಡಿಗೆ ಬೆನ್ನು ಮಾಡಿ, ಕೊಡೆಯ ಮೇಲೆ ಕೈಯೂರಿ ನಿಂತರು. ದಯಾಕರ ನುಡಿಸಿದ. ಅವರು ಮರಳಿದರು.

"ಯಾವುದು ಚಂದ ಕೇಳಿತು ಮಾಸ್ಟ್ರೇ?"

"ಮೊದಲಿನದು ಕೇಳಲೇ ಇಲ್ಲ. ಎರಡನೆಯದು ಬಂತು, ಬಸ್ಸಿನ ಅಡಿಯಿಂದ ನುಸುಳಿಕೊಂಡು."

"ಮೊದಲು ಕೆಂಪಿನದು ನುಡಿಸಿದೆ. ಆದರೆ ಕೋಣೆಯಲ್ಲಿ..."

"ಕೋಣೆಯಲ್ಲಿ ನೀನೊಬ್ಬನೇ ಇದ್ದಿ. ಮದುವೆಯಲ್ಲಿ ಹಿಲರಿ ಇರ್ತಾನೆ."

ಕಾಮತರು ನಕ್ಕರು. "ಮಾಸ್ಟ್ರೇ, ನೀವು ಹೀಗೆ ಹೇಳ್ತಾ ಹೋದರೆ ನನ್ನ ಮೊಮ್ಮಗನ ಕಾಲಕ್ಕೂ ಕೆಂಪಿನದು ಇಲ್ಲೇ ತೂಗ್ತಾ ಇರ್ತದೆ."

"ಗೋಡೆಗೆ ಚಂದ ಉಂಟು ಕಾಮತ್ರೇ. ತೂಗಲಿ."

ದಯಾಕರ ಕಂದು ಗಿಟಾರನ್ನು ಕೊಂಡ. ಹೊರಗೆ ಬಂದು ಕೇಳಿದ:

"ಇನ್ನು ನನ್ನ ಜಾಗ ಉಳೀತದಲ್ಲ ಮಾಸ್ಟ್ರೇ?"

"ಗಿಟಾರಿನ ವಿಷಯ ಮುಗಿಯಿತು. ನಿನ್ನ ವಿಷಯ ಭಾನುವಾರ ನೋಡುವ."

ಭಾನುವಾರ ಬಂತು. ಇಗರ್ಜಿಯ ಪಕ್ಕದ ಸಭಾಭವನದಲ್ಲಿ ಬಣ್ಣದ ಕಾಗದದ ತೋರಣ ಕಟ್ಟಿದ್ದರು. ಹಿರಿಯರು ಗೋಡೆಯ ಉದ್ದಕ್ಕೆ ಬೆಂಚುಗಳ ಮೇಲೆ ಕೂತಿದ್ದರು. ಲಿಗೋರಿ ಮಾಸ್ತರರಿಗೂ ಕರೆಯಿತ್ತು. ಅವರೂ ಅಲ್ಲೇ ಕೂತರು.

ಬ್ಯಾಂಡು ಶುರುವಾಯಿತು. ಬೇಸ್ ಕೇಳಿತು. ಕೇಳುತ್ತಿದೆ ಎಂದು ತಿಳಿದ ಮೇಲೆ ದಯಾಕರನ ಬೆರಳುಗಳು ಸುಮ್ಮನಿರಲಿಲ್ಲ. ಒಂದು ಸ್ವರದ ಜಾಗದಲ್ಲಿ ನಾಲ್ಕು ಇಟ್ಟ. ಹಾಡು ಉಸಿರೆಳೆದುಕೊಂಡಲ್ಲೆಲ್ಲ ನುಗ್ಗಿದ. ಮೇಲಕ್ಕೆ ಓಡಿದ, ಕೆಳಕ್ಕೆ ಇಳಿದ.

ಹಿಲರಿ ಟ್ರಂಪೆಟನ್ನು ತುಟಿಯಿಂದ ತೆಗೆದು ಹಿಂದಕ್ಕೆ ತಿರುಗಿದ.

"ಈಗ ಕೇಳ್ತಾ ಉಂಟು ನೋಡು! ಇದನ್ನೇ ನಾನು ಹೇಳಿದ್ದು! ಹೀಗೇ ಹೊಡಿ ದಯಾ, ಜಾಗ ನಿನ್ನದೇ!"

ದಯಾಕರನ ಎದೆ ಹಗುರವಾಯಿತು. ಮತ್ತಷ್ಟು ಸ್ವರಗಳನ್ನು ಸೇರಿಸಿದ.

ಆಮೇಲೆ ವಾಲ್ಟ್ಸ್ ಬಂತು. ಮೂರು ಹೆಜ್ಜೆಯ ಕುಣಿತ ಅದು. ಮೊದಲ ಹೆಜ್ಜೆ ಭಾರ, ಉಳಿದೆರಡು ಹಗುರ. ಮದುಮಕ್ಕಳು ಒಂದು ಸುತ್ತು ಮುಗಿಸಿದ ಮೇಲೆ ಹಿರಿಯರು ಇಳಿಯುವುದು ಅಂದಿನ ಕ್ರಮ. ಹಿರಿಯರು ಇಳಿದರು. ನಾಲ್ಕು ಹೆಜ್ಜೆ ಹಾಕಿದರು. ತಡವರಿಸಿದರು. ನಗುತ್ತ ಬೆಂಚಿಗೆ ಮರಳಿದರು.

"ಮೊಣಕಾಲು ಹೋಯ್ತು ಮಾರಾಯ್ರೇ," ಎಂದರು ಒಬ್ಬರು.

"ನನಗೆ ಈ ಹೊಸ ಶೂ ಆಗುದಿಲ್ಲ," ಎಂದರು ಇನ್ನೊಬ್ಬರು.

ಬೇಸನ್ನು ಯಾರೂ ದೂರಲಿಲ್ಲ. ನೆಲ ಮಾತ್ರ ಖಾಲಿಯಾಯಿತು.

ಆಗ ಲಿಗೋರಿ ಮಾಸ್ತರರು ಎದ್ದರು. ಕೋಟಿನ ಗುಂಡಿ ಹಾಕಿಕೊಂಡರು. ಬೆಂಚಿನ ತುದಿಯಲ್ಲಿ ಕೂತಿದ್ದ ನತಾಲಿಯಾ ಬಾಯಿಯವರ ಮುಂದೆ ನಿಂತರು. ಅವರೂ ಮಾಸ್ತರರ ವಯಸ್ಸಿನವರೇ.

"ಒಂದು ವಾಲ್ಟ್ಸ್, ಬಾಯಿ?"

"ಈಗ ಕೇಳುದಾ ನೀವು?" ಎಂದರು ನತಾಲಿಯಾ ಬಾಯಿ. "ನಾನು ಕುಣಿಯುವಾಗ ಸ್ಟೇಜಿನಲ್ಲಿ ಕಂಬದ ಹಾಗೆ ನಿಂತಿದ್ರಿ. ಈಗ ನನಗೆ ಕಾಲಿಲ್ಲ, ನಿಮಗೆ ಕೂದಲಿಲ್ಲ."

"ಕೂದಲು ಕುಣಿಯುದಿಲ್ಲ ಬಾಯಿ. ಏಳಿ."

ಮಾಸ್ತರರು ಅದುವರೆಗೆ ಯಾವ ಮದುವೆಯಲ್ಲೂ ಕುಣಿದವರಲ್ಲ. ಎಲ್ಲ ಮದುವೆಗಳಲ್ಲೂ ಅವರು ನುಡಿಸುತ್ತಿದ್ದರು.

ಇಬ್ಬರೂ ವೇದಿಕೆಯ ಮುಂದೆಯೇ ಬಂದರು. ಮೊದಲ ಸುತ್ತು ಹೇಗೋ ಮುಗಿಯಿತು. ಎರಡನೆಯ ಸುತ್ತಿನಲ್ಲಿ ಮಾಸ್ತರರ ಪಾದ ತಪ್ಪಿ ನತಾಲಿಯಾ ಬಾಯಿಯವರ ಪಾದದ ಮೇಲೆ ಬಿತ್ತು.

"ಅಯ್ಯೋ ದೇವರೇ!" ಎಂದರು ಬಾಯಿ. ಆದರೆ ಕೈ ಬಿಡಲಿಲ್ಲ.

ದಯಾಕರ ಅದನ್ನು ಕಂಡ. ಅಂದು ಮೊದಲ ಬಾರಿಗೆ ಅವನ ಕಣ್ಣು ತನ್ನ ಬೆರಳುಗಳನ್ನು ಬಿಟ್ಟು ಇನ್ನೊಬ್ಬರ ಪಾದಗಳ ಮೇಲೆ ನಿಂತಿತು.

ಮಾಸ್ತರರ ಪಾದ ಮೇಲೆದ್ದಿತು. ಇಳಿಯಲು ಜಾಗ ಹುಡುಕಿತು. ಇಳಿಯಬೇಕಾದಲ್ಲಿ ದಯಾಕರನ ನಾಲ್ಕು ಸ್ವರಗಳು ಒಂದನ್ನೊಂದು ನೂಕುತ್ತಿದ್ದವು. ಪಾದ ಗಾಳಿಯಲ್ಲಿ ಅನುಮಾನಿಸಿತು.

ದಯಾಕರ ಒಂದು ಸ್ವರ ಬಿಟ್ಟ. ಪಾದ ಸ್ವಲ್ಪ ಸಲೀಸಾಗಿ ಇಳಿಯಿತು. ಇನ್ನೊಂದು ಬಿಟ್ಟ. ಕೊನೆಗೆ ಮೂರು ಹೆಜ್ಜೆಗೆ ಒಂದೇ ಸ್ವರ ಉಳಿಸಿಕೊಂಡ. ಪಾದ ಇಳಿಯುವ ಕ್ಷಣಕ್ಕೆ ಸರಿಯಾಗಿ ಅದನ್ನು ಅಲ್ಲಿಟ್ಟ; ಪಾದ ಎದ್ದಾಗ ಕೈಯನ್ನು ತಂತಿಯ ಮೇಲೆ ಸುಮ್ಮನೆ ಇರಿಸಿದ.

ಮಾಸ್ತರರು ತಲೆ ಎತ್ತಿ ನೋಡಲಿಲ್ಲ. ನತಾಲಿಯಾ ಬಾಯಿ ಕಣ್ಣು ಮುಚ್ಚಿದರು. ಮೊಣಕಾಲು ಹೋದವರು ಎದ್ದರು. ಶೂ ಆಗದವರು ಶೂ ಕಳಚಿ ಬೆಂಚಿನಡಿಗೆ ತಳ್ಳಿ, ಹೆಂಡತಿಯ ಕೈ ಹಿಡಿದು ಇಳಿದರು. ನೆಲ ತುಂಬಿತು.

ಹಿಲರಿ ಹಿಂದಕ್ಕೆ ತಿರುಗಿದ. ಕಿವಿಗೆ ಬೆರಳು ತೋರಿಸಿದ. "ಕೇಳುದಿಲ್ಲ!"

ದಯಾಕರ ನೋಡಿದ.

"ಕೇಳುದಿಲ್ಲ ಮಾರಾಯ! ಜಾಗ ಬೇಕಾ ಬೇಡವಾ ನಿಂಗೆ?"

ಬೇಕಿತ್ತು. ಮೊದಲಿನಂತೆ ಬೆರಳುಗಳನ್ನು ಓಡಿಸಿದರೆ ಸಾಕಿತ್ತು. ಬೆರಳುಗಳು ಸಿದ್ಧವಾಗಿಯೇ ಇದ್ದವು. ಅಷ್ಟರಲ್ಲಿ ವೇದಿಕೆಯ ಮುಂದೆ ಪಾದಗಳೆಲ್ಲ ಒಟ್ಟಿಗೆ ಎದ್ದವು. ಅವು ಇಳಿಯಲಿದ್ದವು.

ದಯಾಕರ ಒಂದೇ ಸ್ವರ ನುಡಿಸಿದ.

ವಾಲ್ಟ್ಸ್ ಮುಗಿದಾಗ ಜನ ಮತ್ತೊಮ್ಮೆ ಅದನ್ನೇ ಕೇಳಿದರು. ಮತ್ತೊಮ್ಮೆ ನುಡಿಸಿದರು. ಊಟ ತಡವಾಯಿತು. ಅಡಿಗೆಯವರು ಬಾಗಿಲಿಗೆ ಬಂದು, ಗೊಣಗಿ, ಅಲ್ಲೇ ನಿಂತು ನೋಡಿದರು.

ಊಟದ ನಂತರ ಹಿಲರಿ ಟ್ರಂಪೆಟನ್ನು ಪೆಟ್ಟಿಗೆಗಿಟ್ಟ.

"ಹೇಳಿದ್ದೆನಲ್ಲ ದಯಾ? ಕೇಳಬೇಕು ಅಂತ ಹೇಳಿದ್ದೆ."

"ಎಲ್ಲರೂ ಕುಣಿದರಲ್ಲ ಹಿಲರಿಯಣ್ಣ."

"ಕುಣಿದದ್ದು ಟ್ರಂಪೆಟ್ಟಿಗೆ! ಬೇಸ್ ಗಿಟಾರಿಗೆ ಯಾರಾದರೂ ಕುಣೀತಾರಾ? ಬರುವ ವಾರ ಕದ್ರಿಯವನು ಬರ್ತಾನೆ. ಬೇಜಾರು ಮಾಡಬೇಡ, ಆಯ್ತಾ?"

ಹಾಗೆಂದು ತನ್ನ ಪಾಲಿನ ಕೇಕಿನ ತುಂಡನ್ನು ದಯಾಕರನ ಕೈಗಿಟ್ಟು ಹೊರಟುಹೋದ. ಹಿಲರಿ ಕೆಟ್ಟವನಲ್ಲ.

ದಯಾಕರ ಕೈ ತೊಳೆದು ಬಂದ. ತಂತಿಗಳನ್ನು ಒಂದೊಂದಾಗಿ ಒರೆಸಿದ. ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಿದ. ಹೊರಗೆ ಮೆಟ್ಟಿಲ ಬಳಿ ಮಾಸ್ತರರು ಕರವಸ್ತ್ರದಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದರು.

ಇಬ್ಬರೂ ನದಿಯ ದಂಡೆ ಹಿಡಿದು ನಡೆದರು. ನೀರು ಇಳಿತದಲ್ಲಿತ್ತು.

"ಜಾಗ ಹೋಯ್ತು ಮಾಸ್ಟ್ರೇ."

"ಹೌದಾ."

"ಹಿಲರಿಯಣ್ಣನಿಗೆ ಕೇಳಲೇ ಇಲ್ಲವಂತೆ."

ದಯಾಕರ ಪೆಟ್ಟಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ನಿಮಗಾದರೂ ಕೇಳಿತಾ ಮಾಸ್ಟ್ರೇ, ನಾನು ನುಡಿಸಿದ್ದು?"

ಮಾಸ್ತರರು ನಿಂತರು. ಕರವಸ್ತ್ರವನ್ನು ನಾಲ್ಕಾಗಿ ಮಡಚಿ ಕಿಸೆಗಿಟ್ಟರು.

"ಇಲ್ಲ," ಎಂದರು. "ನಾನು ಕುಣೀತಾ ಇದ್ದೆ."