ದವನದ ಎಣ್ಣೆ

“ಗುರುಗಳೇ, ಮಠಕ್ಕೆ ಬಂದ ಹೊಸತರಲ್ಲಿ ತಮ್ಮ ದನಿ ಕೇಳಿದರೆ ಸಾಕು, ನನ್ನ ಕಣ್ಣು ತುಂಬುತ್ತಿತ್ತು. ಈಗ ದಿನವೂ ತಮ್ಮ ಪಕ್ಕದಲ್ಲೇ ಕೂರುತ್ತೇನೆ. ಏನೂ ಆಗುವುದಿಲ್ಲ. ಅದನ್ನು ಮರಳಿ ಪಡೆಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿಯ ಹೆಂಡತಿ ತೀರಿಕೊಂಡಳು. ಅವಳು ಹೆರಳಿಗೆ ದವನ ಮುಡಿಯುತ್ತಿದ್ದಳು. ಆ ಕಂಪಿಲ್ಲದೆ ವ್ಯಾಪಾರಿಗೆ ನಿದ್ದೆ ಬಾರದಾಯಿತು. ದವನದ ಕಾಲ ಮುಗಿದಿತ್ತು. ಅವನು ಸುಗಂಧದ ಎಣ್ಣೆ ಬಟ್ಟಿ ಇಳಿಸುವವನ ಬಳಿಗೆ ಹೋದ. ಎಣ್ಣೆಯವನು ಪುಟ್ಟ ಶೀಶೆಯೊಂದನ್ನು ಕೊಟ್ಟು, “ತೀರಾ ತಡೆಯಲಾರದ ದಿನ ದಿಂಬಿನ ಅಂಚಿಗೆ ಒಂದು ಹನಿ. ಉಳಿದ ದಿನ ಮುಚ್ಚಳ ತೆಗೆಯಬೇಡಿ” ಎಂದ.

ಅಂದು ವ್ಯಾಪಾರಿ ಮಗುವಿನಂತೆ ಮಲಗಿದ. ಮರುದಿನವೂ ಹನಿಸಿದ. ಆಮೇಲೆ ಹೊದಿಕೆಗೆ, ಅಂಗಿಗೆ, ಅವಳ ಸೀರೆಗಳಿಗೆ, ಕೊನೆಗೆ ಬಾಗಿಲ ಪರದೆಗೆ. ಶೀಶೆ ಬರಿದಾದರೆ ಇನ್ನೊಂದು ತರುತ್ತಿದ್ದ. ಒಂದು ದಿನ ದಿಂಬಿಗೆ ಮುಖವಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅವಳು ಇನ್ನೊಮ್ಮೆ ಹೋದಂತಾಯಿತು.

ಅವನು ಎಣ್ಣೆಯವನ ಮನೆಗೆ ಓಡಿದ. “ಏನು ಬೆರೆಸಿದ್ದೀಯ ಇದಕ್ಕೆ? ವಾಸನೆಯೇ ಇಲ್ಲ!”

“ನನ್ನನ್ನು ಕೇಳಬೇಡಿ ಯಜಮಾನರೇ. ದಿನವಿಡೀ ಒಲೆಯ ಮುಂದಿರುವ ನಮಗೆ ನಮ್ಮ ಎಣ್ಣೆಯ ಕಂಪು ತಿಳಿಯುವುದಿಲ್ಲ. ದಾರಿಯಲ್ಲಿ ಹೋಗುವವರನ್ನು ಕರೆದು ಕೇಳುವುದೇ ನಮ್ಮ ಪದ್ಧತಿ.”

ಬೀದಿಯಲ್ಲಿ ಮಜ್ಜಿಗೆ ಮಾರುವ ಮುದುಕಿ ಹೋಗುತ್ತಿದ್ದಳು. ಎಣ್ಣೆಯವನು ಅವಳನ್ನು ಕರೆದ. ಶೀಶೆ ತೆರೆಯುವ ಮೊದಲೇ ಅವಳು ಮೂಗಿಗೆ ಸೆರಗು ಹಿಡಿದಳು.

“ಅಯ್ಯೋ ನನ್ನಪ್ಪಾ, ಈ ಯಜಮಾನರು ದವನದ ಹೊಲದಲ್ಲಿ ಹೊರಳಾಡಿ ಬಂದರೇನು?”

ವ್ಯಾಪಾರಿ ಅಂಗಿಯ ತೋಳನ್ನು ಮೂಸಿದ. ಮತ್ತೆ ಮೂಸಿದ. ಬೀದಿಗೆಲ್ಲ ಸಿಗುತ್ತಿದ್ದ ಕಂಪು ಅವನೊಬ್ಬನಿಗೆ ಸಿಗಲಿಲ್ಲ.

“ಶೀಶೆಗಳೆಲ್ಲ ನನ್ನ ಬಳಿ ಇರಲಿ. ಮನೆಯ ಕಿಟಕಿ ತೆರೆದಿಡಿ. ಬಟ್ಟೆಗಳನ್ನೆಲ್ಲ ಒಗೆಸಿ” ಎಂದ ಎಣ್ಣೆಯವನು.

“ಅವಳ ಸೀರೆಗಳನ್ನೂ?”

“ಅವನ್ನೂ.”

ವ್ಯಾಪಾರಿ ಹಾಗೆಯೇ ಮಾಡಿದ. ಎಷ್ಟೋ ರಾತ್ರಿ ಎಚ್ಚರವಾಗಿ ಕಳೆದ. ಮುಂದಿನ ದವನದ ಕಾಲದಲ್ಲಿ, ಸಂತೆಯಲ್ಲಿ, ಯಾರೋ ಹೆಂಗಸು ಅವನನ್ನು ದಾಟಿ ಹೋದಳು. ಅವಳ ಹೆರಳಲ್ಲಿ ದವನದ ಒಂದೇ ಒಂದು ಕುಡಿ ಇತ್ತು. ವ್ಯಾಪಾರಿ ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟು, ಅಷ್ಟು ಜನರ ನಡುವೆ ಕಣ್ಣು ಮುಚ್ಚಿ ನಿಂತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಉತ್ತರಕ್ಕೆ ಕಾದ.

“ಬೆಳಿಗ್ಗೆ ನೀನು ಇಲ್ಲಿಂದ ಹೊರಡು; ನಾನು ಹೇಳಿ ಕಳಿಸುವವರೆಗೆ ಬರಬೇಡ” ಎಂದರು ಗುರುಗಳು.

ಶಿಷ್ಯ ಗುರುಗಳ ಪಾದ ಮುಟ್ಟಿ ಎದ್ದ. ಅವನ ಕಣ್ಣು ತುಂಬಿತ್ತು.